ಅಕ್ಕ ಕೊಡಿಸಿದ ಕಾರ್ಪೆಟ್ಟು

ಓಡುವ ಬಸ್ಸಿನಲ್ಲಿ ಕಂಬಿ ಮುಟ್ಟದೆ ನಿಂತು, ಕಿಕ್ಕಿರಿದ ಜನರ ನಡುವೆ ನುಸುಳಿ ಟಿಕೆಟ್ ಹರಿದುಕೊಡುತ್ತಿದ್ದ ಕಂಡಕ್ಟರು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಬಚ್ಚಲಲ್ಲೇ ಕುಸಿದುಬಿದ್ದ. ಲಕ್ವ ಹೊಡೆದಿತ್ತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು, ಮಾತು ತೊದಲಾಯಿತು.

ಅಪ್ಪ ಕಟ್ಟಿಸಿದ ಮನೆಯನ್ನು ಅಣ್ಣತಮ್ಮ ಹಂಚಿಕೊಂಡಿದ್ದರು. ಕೆಳಗೆ ಅಣ್ಣ, ಅತ್ತಿಗೆ. ಮಹಡಿಯ ಮೇಲೆ ಕಂಡಕ್ಟರು ಮತ್ತು ಅವನ ಹೆಂಡತಿ. ಅವಳು ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದುದರಿಂದ ಬೀದಿಗೆಲ್ಲ ಟೈಲರಮ್ಮ. ವಾರಗಿತ್ತಿಯನ್ನು ಅವಳು ಮದುವೆಯಾಗಿ ಬಂದ ದಿನದಿಂದಲೂ ಅಕ್ಕ ಎಂದೇ ಕರೆದವಳು.

ಆಸ್ಪತ್ರೆಯ ದಿನಗಳಲ್ಲಿ ಅಕ್ಕ ಮಾಡಿದ್ದನ್ನು ಟೈಲರಮ್ಮ ಇಲ್ಲ ಅನ್ನುವ ಹಾಗೇ ಇರಲಿಲ್ಲ. ಕಾರು ಓಡಿಸಿಕೊಂಡು ಹೋದದ್ದು ಭಾವ. ಎರಡು ಹೊತ್ತೂ ಊಟದ ಡಬ್ಬಿ ಕಳಿಸಿದ್ದು ಅಕ್ಕ. ಮಂಚದ ಪಕ್ಕ ತಾನು ಕೂತು, "ಹೋಗೇ, ಒಂದು ಗಳಿಗೆ ಕಣ್ಮುಚ್ಚು, ನಾನಿಲ್ವಾ" ಅಂದದ್ದೂ ಅಕ್ಕನೇ. ಆ ಋಣ ಟೈಲರಮ್ಮನ ನಾಲಗೆಯ ಮೇಲೆ ಕೂತುಬಿಟ್ಟಿತ್ತು.

ಮನೆಗೆ ಬಂದಮೇಲೆ ವ್ಯಾಯಾಮ ಮಾಡಿಸಲು ಫಿಸಿಯೋ ಹುಡುಗಿಯೊಬ್ಬಳು ಬರತೊಡಗಿದಳು. ಎಡಗೈಗೆ ಒಂದಿಷ್ಟು ಹಿಡಿತ ಬಂದಮೇಲೆ ಕಂಡಕ್ಟರಿಗೆ ವಾಕರ್ ಹಿಡಿಸಿ, ಗದರಿಸಿ, ಪುಸಲಾಯಿಸಿ ಎಬ್ಬಿಸಿ ನಿಲ್ಲಿಸಿದಳು. ಟಕ್, ಟಕ್, ಸರ್ರ್. ವಾಕರಿನ ಕಾಲು ನೆಲಕ್ಕೆ ಊರುವ ಸದ್ದು, ಹಿಂದೆಯೇ ಎತ್ತಲಾರದ ಎಡಗಾಲು ಎಳೆದುಕೊಂಡು ಬರುವ ಸದ್ದು. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಕುರ್ಚಿಯಿಂದ ಕಿಟಕಿಯವರೆಗೆ ತಾನೇ ಹೋಗಿ ಬರುತ್ತಿದ್ದ. ಕಿಟಕಿಯಿಂದ ಬೀದಿ ಮೂಲೆಯ ಬಸ್ ಸ್ಟಾಪು ಕಾಣುತ್ತಿತ್ತು. "ನೋಡೇ, ನೋಡೇ! ಸ್ಟಾಪ್ ಎಲ್ಲಿದೆ, ಬಡ್ಡಿಮಗ ಎಲ್ಲಿ ನಿಲ್ಲಿಸ್ದ ನೋಡು!" ಎಂದು ಅವನು ತೊದಲುತ್ತಲೇ ಡ್ರೈವರುಗಳಿಗೆ ಬಯ್ಯುವಾಗ, ಗಂಡ ಅರ್ಧ ವಾಪಸು ಬಂದ ಎಂದು ಟೈಲರಮ್ಮನಿಗೆ ಅನ್ನಿಸುತ್ತಿತ್ತು.

ಹಾಗಿರುವಾಗಲೇ ಅಕ್ಕ ಹಣೆಗೆ ಬಟ್ಟೆ ಬಿಗಿದುಕೊಂಡು ಮೇಲೆ ಬಂದಳು. ಅವಳಿಗೆ ತಲೆನೋವು ಶುರುವಾಗಿ ಬಹಳ ದಿನವಾಗಿತ್ತು.

"ಮೈದುನ ನಡೀಬಾರ್ದು ಅಂತ ನಾನು ಹೇಳ್ತಿಲ್ಲ ಕಣೇ. ಆದ್ರೆ ನನ್ನ ತಲೆ ಮೇಲೇ ನಡೀತಿದಾನೇನೋ ಅನ್ಸುತ್ತೆ. ಒಂದು ಒಳ್ಳೇ ಕಾರ್ಪೆಟ್ ಹಾಸಿಬಿಡೋಣ. ದುಡ್ಡಿನ ಯೋಚನೆ ನಿನಗೆ ಬೇಡ, ನಾನು ಕೊಡಿಸ್ತೀನಿ."

ಮರುದಿನ ಫಿಸಿಯೋ ಹುಡುಗಿ ಗಂಡಹೆಂಡಿರಿಬ್ಬರ ಎದುರೂ ಬಿಡಿಸಿ ಹೇಳಿದಳು. "ಆಂಟಿ, ಹಾಸೋದಾದ್ರೆ ತೆಳ್ಳಗಿರೋದು ತನ್ನಿ. ಎಳೆ ಗಿಡ್ಡ ಇರ್ಬೇಕು, ಕೆಳಗಡೆ ರಬ್ಬರ್ ಇರ್ಬೇಕು, ಅಂಚು ಮಡಚಿಕೊಳ್ಬಾರ್ದು. ಮೆತ್ತಗೆ ದಪ್ಪ ಇರೋದು ಬೇಡವೇ ಬೇಡ. ಅಂಕಲ್ ಕಾಲು ಎತ್ತಲ್ಲ, ಎಳೀತಾರೆ. ಸಿಕ್ಕಿಕೊಳ್ಳುತ್ತೆ."

ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ಟೈಲರಮ್ಮ ಈ ಮಾತನ್ನೇ ಮನಸ್ಸಿನಲ್ಲಿ ಮಗ್ಗಿಯ ಹಾಗೆ ಒಪ್ಪಿಸಿಕೊಂಡಳು.

ಅಂಗಡಿಯಲ್ಲಿ ಕಾರ್ಪೆಟ್ಟುಗಳನ್ನು ಪುಸ್ತಕದ ಹಾಳೆಗಳಂತೆ ತೂಗುಹಾಕಿದ್ದರು. ಗುಮಾಸ್ತ ಒಂದೊಂದನ್ನೇ ಮಗುಚಿ ತೋರಿಸಿದ. ಮೂಲೆಯಲ್ಲಿ ಬೂದುಬಣ್ಣದ್ದೊಂದು ಟೈಲರಮ್ಮನ ಕಣ್ಣಿಗೆ ಬಿತ್ತು. ತೆಳ್ಳಗೆ, ಬಿಗಿಯಾಗಿ ನೇಯ್ದದ್ದು, ಅಡಿಯಲ್ಲಿ ರಬ್ಬರು. ಬೆರಳಲ್ಲಿ ಉಜ್ಜಿ ನೋಡಿದಳು. ಇದೇ ಅನ್ನಿಸಿತು.

"ಅಕ್ಕಾ, ಇದು ನೋಡಿ."

ಅಕ್ಕ ಮೂಗು ಮುರಿದಳು. "ಅಯ್ಯೋ, ಇದೇನೇ, ಆಫೀಸಿನ ವರಾಂಡಕ್ಕೆ ಹಾಸೋ ಥರ! ಬಂದವರು ಏನಂದಾರು? ಇಲ್ಲಿ ಬಾ, ಚಪ್ಪಲಿ ಬಿಟ್ಟು ಇದರ ಮೇಲೆ ನಿಂತು ನೋಡು."

ಅದು ಗಾಢ ಕೆಂಪು. ಎಳೆಗಳು ಬೆಳೆದ ಹುಲ್ಲಿನ ಹಾಗೆ ನಿಂತಿದ್ದವು. ಟೈಲರಮ್ಮ ಕಾಲಿಟ್ಟರೆ ಹೆಬ್ಬೆರಳು ಕಾಣದ ಹಾಗೆ ಹೂತುಹೋಯಿತು.

"ಇದರ ಮೇಲೆ ಆನೆ ನಡೆದ್ರೂ ಕೆಳಗೆ ಕೇಳಲ್ಲ ಮೇಡಂ," ಎಂದ ಗುಮಾಸ್ತ.

"ಕೇಳಿದ್ಯಾ? ನನಗೆ ಬೇಕಾದ್ದು ಇದೇ," ಅಂದಳು ಅಕ್ಕ. ಆಮೇಲೆ ಟೈಲರಮ್ಮನ ಮುಖ ನೋಡಿ, "ಯಾಕೆ, ಚೆನ್ನಾಗಿಲ್ವಾ?" ಅಂದಳು.

ಹೇಳುವುದಕ್ಕೆ ಅದೇ ಹೊತ್ತು. ಟೈಲರಮ್ಮ ಬಾಯಿ ತೆರೆದಳು. ಕಣ್ಣ ಮುಂದೆ ಆಸ್ಪತ್ರೆಯ ಮಂಚ, ಪಕ್ಕದಲ್ಲಿ ಕೂತೇ ತೂಕಡಿಸುತ್ತಿದ್ದ ಅಕ್ಕ, ಆ ಡಬ್ಬಿಗಳು. ಕೊಡಿಸುವವರ ಮುಂದೆ ಅದು ಬೇಡ ಇದು ಬೇಡ ಅನ್ನುವುದು ಹೇಗೆ?

"ಚೆನ್ನಾಗಿದೆ ಅಕ್ಕಾ," ಎಂದಳು.

ಕಾರ್ಪೆಟ್ಟು ಬಂದು ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಹಾಸಿದ್ದಾಯಿತು. ಕಂಡಕ್ಟರು ಅದನ್ನು ನೋಡಿದ, ಹೆಂಡತಿಯನ್ನು ನೋಡಿದ. ಆ ಸಂಜೆ ವಾಕರ್ ಹಿಡಿದು ಎದ್ದ. ವಾಕರಿನ ಕಾಲುಗಳು ಕೆಸರಿನಲ್ಲಿ ಹೂತ ಹಾಗೆ ಹೂತವು. ಎಡಗಾಲಿನ ಬೆರಳು ಎಳೆಗಳಿಗೆ ತೊಡರಿತು. ಕಿಟಕಿ ಮುಟ್ಟುವಷ್ಟರಲ್ಲಿ ಮೈಯೆಲ್ಲ ಬೆವರು. "ಅಭ್ಯಾಸ ಆಗುತ್ತೆ ಬಿಡ್ರೀ," ಎಂದಳು ಟೈಲರಮ್ಮ, ತನ್ನ ದನಿ ತನಗೇ ಹಿಡಿಸದೆ.

ಅಭ್ಯಾಸವಾಗಲಿಲ್ಲ. ಒಂದು ಮಧ್ಯಾಹ್ನ ಅವಳು ಒಳಗಿನ ಕೋಣೆಯಲ್ಲಿ ಮಿಷನ್ ತುಳಿಯುತ್ತಿದ್ದಳು. ಕುತ್ತಿಗೆಪಟ್ಟಿ ಕೂರಿಸಿ, ದಾರ ಕತ್ತರಿಸಿ ನೀರು ಕುಡಿಯಲೆಂದು ಹೊರಗೆ ಬಂದರೆ, ಗಂಡ ಕಾರ್ಪೆಟ್ಟಿನ ಮೇಲೆ ಬೋರಲು ಬಿದ್ದಿದ್ದ. ಕೆನ್ನೆಯಲ್ಲಿ ಎಳೆಗಳ ಗುರುತು ಮೂಡಿತ್ತು, ಕಣ್ಣು ತೆರೆದೇ ಇದ್ದವು. ಯಾವಾಗ ಬಿದ್ದನೋ. ಬಿದ್ದ ಸದ್ದನ್ನೂ ಕಾರ್ಪೆಟ್ಟು ನುಂಗಿಹಾಕಿತ್ತು. ತೊದಲು ದನಿಯ ಕೂಗು ಮಿಷನ್ನಿನ ಗದ್ದಲ ದಾಟಿ ಅವಳ ಕಿವಿಗೆ ಬಂದಿರಲಿಲ್ಲ.

"ಕೂಗಿದೆ," ಎಂದ ಅವನು. "ಕೂಗೀ ಕೂಗೀ ಸುಮ್ಮನಾದೆ."

ಮೈಗೆ ಒಂದು ತರಚುಗಾಯವೂ ಆಗಿರಲಿಲ್ಲ. ಆದರೆ ಅಂದಿನಿಂದ ಕಂಡಕ್ಟರು ಏಳಲಿಲ್ಲ. ಫಿಸಿಯೋ ಹುಡುಗಿ ಬಂದಾಗ ತಲೆಯಾಡಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವಳು ಮತ್ತೊಮ್ಮೆ ಕಾರ್ಪೆಟ್ಟಿನ ಕಡೆ ಬೊಟ್ಟು ಮಾಡಿ, "ಆಂಟಿ, ನಾನು ಹೇಳಿದ್ದೇನು, ನೀವು ತಂದಿದ್ದೇನು?" ಅಂದಳು. ಕೆಲವು ವಾರ ನೋಡಿ, ಬರುವುದನ್ನು ನಿಲ್ಲಿಸಿದಳು. ಕಾರ್ಪೆಟ್ ತೆಗೆಸಿಬಿಡೋಣವೇ ಎಂದು ಟೈಲರಮ್ಮ ದಿನಾ ಅಂದುಕೊಳ್ಳುವಳು. ಅಷ್ಟರಲ್ಲಿ ಅಕ್ಕ ಮೇಲೆ ಬಂದು, "ಈಗ ಸದ್ದೇ ಇಲ್ಲ, ಎಷ್ಟು ನೆಮ್ಮದಿಯಾಗಿದೆ ಕಣೇ," ಎಂದು ಬರಿಗಾಲಲ್ಲಿ ಅದರ ಮೇಲೆ ಓಡಾಡಿ ಹೋಗುವಳು. ಇವಳು ಮತ್ತೆ ಮಿಷನ್ನಿಗೆ ಹೋಗಿ ಕೂರುವಳು.

ಹಾಗೇ ಚಳಿ ಬಂತು. ಒಂದು ದಿನ ಮೆಟ್ಟಿಲ ಹತ್ತಿರ ಭಾವ ಎದುರಾದರು.

"ಅಕ್ಕ ಹೇಗಿದಾರೆ ಭಾವ?"

"ಕಾರ್ಪೆಟ್ ಹಾಸಿದ ಮೇಲೂ ತಲೆನೋವು ಬಿಟ್ಟಿರಲಿಲ್ಲಮ್ಮ. ಕೊನೆಗೆ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಕಣ್ಣಿಂದಲೇ ಎಲ್ಲ ಅಂದ್ರು. ಕನ್ನಡಕ ಹಾಕಿದ ಮೇಲೆ ನೋವಿನ ಸುಳಿವೇ ಇಲ್ಲ ನೋಡು!" ಭಾವ ನಗುತ್ತಾ ಹೊರಗೆ ಹೋದರು.

ಟೈಲರಮ್ಮ ಮೇಲೆ ಬಂದಳು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದುಕೊಂಡು ಗಂಡನ ಕುರ್ಚಿಯ ಬುಡದಲ್ಲಿ ಮಂಡಿಯೂರಿ ಕೂತಳು. ಹೆಣಭಾರದ ಕಾರ್ಪೆಟ್ಟು. ಕತ್ತರಿ ಜಾರುತ್ತಿತ್ತು, ಅಂಗೈಯಲ್ಲಿ ಬೊಬ್ಬೆ ಎದ್ದವು. ವಾಕರಿನ ಅಗಲಕ್ಕೆ ಎರಡು ಬದಿ ಕತ್ತರಿಸುತ್ತಾ ಕಿಟಕಿಯವರೆಗೂ ಹೋದಳು. ನಡುವಿನ ಕೆಂಪು ಪಟ್ಟಿಯನ್ನು ಸುಲಿದು ತೆಗೆದಾಗ ಹಳೆಯ ನೆಲ ಕಂಡಿತು.

ಅದೇ ಹೊತ್ತಿಗೆ ಅಕ್ಕ ಹೊಸ ಕನ್ನಡಕ ತೋರಿಸಲೆಂದು ಬಂದವಳು ಬಾಗಿಲಲ್ಲೇ ನಿಂತಳು.

"ಏನೇ ಇದು! ತಲೆ ಕೆಟ್ಟಿದ್ಯಾ? ಪ್ರೀತಿಯಿಂದ ಕೊಡಿಸಿದ್ದನ್ನ ಹೀಗೆ ಚಿಂದಿ ಮಾಡ್ತೀಯಾ?"

"ಇದರ ಮೇಲೆ ಅವರು ನಡೆಯೋಕಾಗಲ್ಲ ಅಕ್ಕಾ. ಅಂಗಡೀಲೇ ನನಗೆ ಗೊತ್ತಿತ್ತು."

"ಗೊತ್ತಿದ್ರೆ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು? ನಾನೇನು ನಿನ್ನ ನುಂಗಿಬಿಡ್ತಿದ್ನಾ?" ಅಕ್ಕನ ಕಣ್ಣಲ್ಲಿ ನೀರು ಬಂತು. "ನಾನೇ ನಿಂತು ಅವನ ಕಾಲು ಮುರಿದ ಹಾಗೆ ಮಾತಾಡ್ತೀಯಲ್ಲ!" ಎಂದು ದಡದಡ ಇಳಿದುಹೋದಳು.

ಟೈಲರಮ್ಮ ವಾಕರನ್ನು ಗಂಡನ ಮುಂದಿಟ್ಟಳು. "ಬನ್ನಿ. ಈಗ ನೆಲ ಇದೆ."

ಕಂಡಕ್ಟರು ಹಿಡಿದುಕೊಂಡು ಎದ್ದ. ಅಷ್ಟು ದಿನ ಕೂತೇ ಇದ್ದ ಕಾಲು, ಬಲಗಾಲು ಕೂಡ, ಗಡಗಡ ನಡುಗಿತು. ಒಂದು ಹೆಜ್ಜೆಯೂ ಕೀಳಲಾಗಲಿಲ್ಲ. ದೊಪ್ಪನೆ ಕುರ್ಚಿಗೆ ಕುಸಿದ.

"ನಾಳೆ ನೋಡೋಣ ಬಿಡಿ," ಅಂದಳು.

"ಅವತ್ತು ಅಂಗಡೀಲಿ ಒಂದು ಮಾತು ಆಡಿದ್ರೆ ಆಗ್ತಿತ್ತು," ಎಂದ ಅವನು. ಒಂದೊಂದೇ ಅಕ್ಷರ ಕೂಡಿಸಿ, ತೊದಲದೆ ಹೇಳಿದ. "ಕುರ್ಚಿ ಈ ಕಡೆ ತಿರುಗಿಸು. ಕಿಟಕಿ ಬೇಡ."

ಅವಳು ತಿರುಗಿಸಿದಳು.

ಕತ್ತರಿಸಿದ ಪಟ್ಟಿಯನ್ನು ಸುರುಳಿ ಸುತ್ತಿ ಕಸದವರು ಒಯ್ಯಲೆಂದು ಗೇಟಿನ ಹತ್ತಿರ ಇಟ್ಟಳು. ಬೆಳಿಗ್ಗೆ ಹಾಲು ತರಲು ಇಳಿದಾಗ ಅದು ಅಲ್ಲಿರಲಿಲ್ಲ. ಅಕ್ಕ ಅದನ್ನು ತನ್ನ ಬಾಗಿಲ ಮುಂದೆ, ಮೆಟ್ಟಿಲ ಬುಡಕ್ಕೇ ತಾಗುವ ಹಾಗೆ, ಕಾಲೊರಸಿಗೆ ಹಾಸಿದ್ದಳು. ಮೇಲಿನವರು ಹೊರಗೆ ಹೋಗಬೇಕಾದರೆ ಅದನ್ನು ತುಳಿಯದೆ ದಾರಿಯಿರಲಿಲ್ಲ. ಒಳಗೆ ಪಾತ್ರೆಯ ಸದ್ದಾಗುತ್ತಿತ್ತು. ಟೈಲರಮ್ಮ ಒಂದು ಗಳಿಗೆ ನಿಂತು ನೋಡಿದಳು. ಯಾರೂ ಬಾಗಿಲು ತೆಗೆಯಲಿಲ್ಲ. ಅವಳು ತುಳಿದುಕೊಂಡೇ ಹೊರಗೆ ನಡೆದಳು.