ಕಾಲುವೆ ಕೊನೆಯ ಮೆಂಬರು

ಹಚ್ಚೊಳ್ಳಿ ಕಡೆಯ ಆ ಊರಿನಲ್ಲಿ ಪಂಚಾಯ್ತಿ ಚುನಾವಣೆ ಕಟ್ಟೆಯ ಮೇಲೇ ಮುಗಿಯುತ್ತಿತ್ತು. ಮೈಲಾರಲಿಂಗಪ್ಪ ಸಾವ್ಕಾರರು ಒಂದು ಹೆಸರು ಹೇಳುವರು, ಉಳಿದವರು ತಲೆಯಾಡಿಸುವರು, ಅಲ್ಲಿಗಾಯಿತು. ಈ ಸಲ ಕಾಲುವೆಯ ಕೊನೆಯಲ್ಲಿ ಎರಡೆಕರೆ ಭತ್ತ ಬೆಳೆಯುವ ಹುಲುಗಪ್ಪ ಯಾರನ್ನೂ ಕೇಳದೆ ನಾಮಪತ್ರ ಕೊಟ್ಟುಬಿಟ್ಟ.

ಮರುದಿನವೇ ಸಾವ್ಕಾರರ ಹೊಲದ ಪಕ್ಕದ ತೂಬಿಗೆ ಬೀಗ ಬಿತ್ತು. ಹೆಸರು ವಾಪಸ್ ತೆಗೆದರೆ ನೀರು, ಇಲ್ಲವಾದರೆ ಇಲ್ಲ ಎಂದು ಹೇಳಿ ಕಳಿಸಿದರು.

ನಾಟಿಗೆ ಬಂದ ಸಸಿ ಹಳದಿಗಟ್ಟಿತು. ತನ್ನದಷ್ಟೇ ಆಗಿದ್ದರೆ ಹುಲುಗಪ್ಪ ಹಲ್ಲು ಕಚ್ಚಿ ಇರುತ್ತಿದ್ದ. ಆದರೆ ಕೆಳಗಿನ ಎಲ್ಲರ ಸಸಿಮಡಿಗೂ ಅದೇ ತೂಬಿನ ನೀರೇ ಗತಿ. ಪಕ್ಕದ ಸಾವಂತ್ರಮ್ಮನ ಮಡಿ ಬಿರುಕು ಬಿಟ್ಟದ್ದು ಕಂಡ ಮೇಲೆ ಅವನಿಗೆ ಅನ್ನ ಇಳಿಯಲಿಲ್ಲ. ವಾಪಸ್ ಪಡೆಯುವ ಕೊನೆಯ ದಿನ, ಮಧ್ಯಾಹ್ನ ಮೂರರ ಗಡುವಿಗೆ ಮುಂಚೆ, ಇಸ್ತ್ರಿ ಅಂಗಿ ತೊಟ್ಟು ಪಂಚಾಯ್ತಿ ಆಫೀಸಿಗೆ ಹೊರಟ.

ಕಾಲುವೆ ಏರಿಯ ಮೇಲೆ ಸಾವಂತ್ರಮ್ಮ ಅಡ್ಡ ನಿಂತಿದ್ದಳು. ಅವಳ ಹಿಂದೆ ಕೆಳಗಿನ ಹೊಲದವರು.

"ಎಲ್ಲಿಗೆ ಹೊಂಟೀಯೋ ಅಳಿಯಾ, ಮದುಮಗ ಆದಂಗ ಆಗಿ?"

"ಹೆಸರು ತಗಸಾಕ ಅತ್ತಿ. ನನ್ನ ಸಲುವಾಗಿ ನಿಮ್ಮ ಮಡಿ ಯಾಕ ಒಣಗಬೇಕು?"

"ಲೇ, ಬೀಗ ಹಾಕಿದ್ದು ನೀನೇನು? ನಿನ್ನ ಒಬ್ಬನ್ನ ಒಣಗಸಾಕ ಹೋಗಿ ಆ ಸಾವ್ಕಾರ ನಮ್ಮೆಲ್ಲರ ಹೊಟ್ಟಿ ಒಣಗಿಸ್ಯಾನ. ಮೊನ್ನಿ ತನಕ ನಿನಗ ಓಟು ಹಾಕಾಕ ನನಗ ಮನಸಿರಲಿಲ್ಲ, ನೀ ಮೊದಲೇ ಪುಕ್ಕಲ. ಈಗ ಐತಿ."

"ಪುಕ್ಕಲ ಆದ್ರೂ ನಮ್ಮ ಪುಕ್ಕಲ," ಎಂದ ಹೆಗಲ ಮೇಲೆ ಹಾರೆ ಹೊತ್ತ ಎರ್ರಿ.

"ಸೋತರ?" ಎಂದ ಹುಲುಗಪ್ಪ.

"ಸೋಲು! ನನ್ನ ತಲಿ ಬೆಳ್ಳಗಾತು, ಪಂಚಾಯ್ತಿಗೆ ಒಮ್ಮಿನೂ ಓಟು ಹಾಕಿಲ್ಲ. ಹಾಕೇ ಸಾಯ್ತೀನಿ," ಎಂದಳು ಸಾವಂತ್ರಮ್ಮ.

ಹುಲುಗಪ್ಪ ಆಫೀಸಿನ ದಾರಿ ಬಿಟ್ಟು ತೂಬಿನ ಕಡೆ ತಿರುಗಿದ. ಸಾವ್ಕಾರರು ಅಲ್ಲೇ ಬೈಕಿನ ಮೇಲೆ ಕೂತಿದ್ದರು.

"ಬೀಗ ತಗೀರಿ ಸಾವ್ಕಾರ್ರ."

"ಮೂರು ಗಂಟೆಯೊಳಗ ಹೆಸರು ತಗಿ. ತಾನಾಗೇ ತಗೀತೈತಿ."

"ಹಂಗಾದ್ರ ಮೂರು ಹೊಡೀಲಿ." ಹುಲುಗಪ್ಪ ತೂಬಿನ ಕಟ್ಟೆಯ ಮೇಲೆ ಕೂತ. ಉಳಿದವರೂ ಸುತ್ತ ಕೂತರು. ಸಾವ್ಕಾರರು ಗಡಿಯಾರ ನೋಡಿದರು, ಬೈದರು, ಆಮೇಲೆ ಪುಸಲಾಯಿಸಿದರು, ಮತ್ತೆ ಗಡಿಯಾರ ನೋಡಿದರು. ಯಾರೂ ಏಳಲಿಲ್ಲ.

ಮೂರು ದಾಟಿತು. ಇನ್ನು ಹೆಸರು ವಾಪಸ್ ತೆಗೆಯುವಂತಿರಲಿಲ್ಲ, ಸಾವ್ಕಾರರಿಗೆ ಹೆದರಿಸಿ ಪಡೆಯುವುದು ಏನೂ ಉಳಿದಿರಲಿಲ್ಲ.

"ನಿಮ್ಮವರೂ ನಿಂತಾರಲ್ಲ," ಎಂದ ಹುಲುಗಪ್ಪ. "ಓಟಿನಾಗ ನೋಡಾನ."

ಎರ್ರಿ ಬೀಗ ಒಡೆಯಲು ಮುಂದೆ ಬಂದ. ಸಾವಂತ್ರಮ್ಮ ಅವನ ಕೈಯ ಹಾರೆ ಕಸಿದು ಹುಲುಗಪ್ಪನಿಗೆ ಕೊಟ್ಟಳು.

"ಮೆಂಬರು ನೀನು. ಮೊದಲ ಏಟು ನೀನ ಹಾಕು."