ದೂರದ ಗಿರಾಕಿಗಳು

"ನೀವು ಎಲ್ಲಿಂದ ಬಂದ್ರಿ?" ಎಂದು ಪುಟ್ಟಿ ಕೇಳಿದಳು.

"ರೈಲ್ವೆ ಗೇಟ್ ಆಚೆಯಿಂದ ಕಣಮ್ಮ. ಎರಡು ಬಸ್ಸು ಬದಲಾಯಿಸಿ ಬಂದೆ," ಎಂದರು ನರ್ಸಮ್ಮ. ಹೆಗಲಲ್ಲಿದ್ದ ಅವರ ಚೀಲ ಹೊಚ್ಚಹೊಸದು.

ಪುಟ್ಟಿಯ ಮುಖ ಇನ್ನಷ್ಟು ಸಪ್ಪಗಾಯಿತು. ತೊಡೆಯ ಮೇಲೆ ಹರಡಿದ್ದ ಊರಿನ ನಕ್ಷೆಯಲ್ಲಿ ಅಂಗಡಿಯಿಂದ ರೈಲ್ವೆ ಗೇಟಿನ ಆಚೆಗೆ ಮತ್ತೊಂದು ಉದ್ದನೆಯ ಗೆರೆ ಎಳೆದಳು. ಬೆಳಿಗ್ಗೆಯಿಂದ ಎಳೆದದ್ದೆಲ್ಲ ಇಂಥ ಉದ್ದನೆಯ ಗೆರೆಗಳೇ.

ಹನ್ನೆರಡನೇ ತರಗತಿಯ ಮಾನವ ಭೂಗೋಳದಲ್ಲಿ ಒಂದು ಪಾಠವಿದೆ. ಸಣ್ಣ ಅಂಗಡಿಗೆ ಹತ್ತಿರದವರೇ ಹೆಚ್ಚು ಬರುತ್ತಾರೆ, ದೂರ ಹೆಚ್ಚಿದಂತೆಲ್ಲ ಬರುವವರು ಕಡಿಮೆಯಾಗುತ್ತಾರೆ ಎನ್ನುವುದು ಅದರ ಸಾರ. ಅದನ್ನು ಅಂಗಡಿಯೊಂದರ ಮುಂದೆ ಕೂತು, ಗಿರಾಕಿಗಳನ್ನು ಕೇಳಿ, ನಕ್ಷೆಯಲ್ಲಿ ತೋರಿಸಬೇಕು. ಉಳಿದವರು ಯಾವಾಗಲೋ ಮುಗಿಸಿದ್ದರು. ಪುಟ್ಟಿ ಜ್ವರ ಬಂದು ಮಲಗಿ ಹಿಂದೆ ಬಿದ್ದಿದ್ದಳು. ಇವತ್ತು ಸಂಜೆಯೊಳಗೆ ಕೊಡದಿದ್ದರೆ ಪರೀಕ್ಷೆಗೆ ಹೆಸರು ಕಳಿಸುವುದಿಲ್ಲ ಎಂದು ಭೂಗೋಳದ ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಅಂದರೆ ಒಂದು ವರ್ಷ ನೀರುಪಾಲು. ಅದಕ್ಕೇ ಅಮ್ಮ ತೀರಿಕೊಂಡ ಮೇಲೆ ತನ್ನನ್ನು ಸಾಕಿದ ಸೋದರಮಾವನ ಚೀಲ ರಿಪೇರಿ ಅಂಗಡಿಯನ್ನೇ ಆರಿಸಿಕೊಂಡಿದ್ದಳು. ಆ ಬೀದಿಯವರನ್ನು ಬಿಟ್ಟು ಅತ್ತ ತಲೆಹಾಕುವವರೇ ಅಪರೂಪ.

ಮಾವ ಮಾತ್ರ ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಬಂದವರನ್ನೆಲ್ಲ ನಗುನಗುತ್ತ ಮಾತಾಡಿಸುತ್ತಿದ್ದ. ಅಷ್ಟರಲ್ಲಿ ಎದುರುಮನೆಯ ಅಜ್ಜಿ ಹಿಡಿ ಕಿತ್ತುಹೋದ ಚೀಲ ಹಿಡಿದು ಇಣುಕಿದರು.

"ಏನಪ್ಪಾ, ಈಗಲಾದ್ರೂ ಬರಬಹುದಾ? ತರಕಾರಿ ತರೋಕೆ ಬೇರೆ ಚೀಲ ಇಲ್ಲ ಕಣೋ."

"ಶ್ಶ್! ನಾಳೆ ಬನ್ನಿ ಅಂದಿದ್ನಲ್ಲ ಅಜ್ಜಿ!" ಮಾವ ಕಣ್ಣು ಮಿಟುಕಿಸಿದ.

ಪುಟ್ಟಿಯ ಪೆನ್ಸಿಲ್ ನಿಂತಿತು. "ಮಾವ, ಬೀದಿಯವರನ್ನೆಲ್ಲ ಬರಬೇಡಿ ಅಂದ್ಯಾ?"

"ಮತ್ತೆ? ಪಕ್ಕದ್ಮನೆಯವರನ್ನ ಬರ್ಕೊಂಡು ಹೋದ್ರೆ ನಿಮ್ಮ ಮೇಡಂ ಏನಂದಾರು? ಇದೂ ಒಂದು ಅಂಗಡೀನಾ ಅಂತಾರೆ. ಅದಕ್ಕೇ ದೂರದವರಿಗೆಲ್ಲ ಫೋನ್ ಮಾಡಿ ಕರೆಸ್ದೆ. ಹೇಗಿದೆ ಐಡಿಯಾ?"

"ಅಯ್ಯೋ ದೇವರೇ! ಎಲ್ಲಾ ಕೆಡಿಸಿಬಿಟ್ಯಲ್ಲೋ ಮಾವ! ಹತ್ತಿರದವರೇ ಬೇಕಿತ್ತು ನಂಗೆ!"

ಪಾಪ, ಮಾವನ ಮುಖ ನೋಡುವ ಹಾಗಿರಲಿಲ್ಲ. ಒಳ್ಳೆಯದಾಗಲಿ ಅಂತಲೇ ಮಾಡಿದವನು. "ಹಾಗಾದ್ರೆ... ಇವರನ್ನೆಲ್ಲ ವಾಪಸ್ ಕಳಿಸ್ಲಾ?" ಎಂದು ಮೆಲ್ಲಗೆ ಕೇಳಿದ.

ಒಂದಿಷ್ಟು ಸುಳ್ಳು ಗೆರೆ ಎಳೆದುಬಿಡಲೇ ಎಂದು ಪುಟ್ಟಿ ಅಂದುಕೊಳ್ಳುವಷ್ಟರಲ್ಲಿ ಮೇಡಮ್ಮೇ ಮೆಟ್ಟಿಲು ಹತ್ತಿ ಬಂದರು. ಕೆಲಸ ಹೇಗೆ ನಡೆದಿದೆಯೆಂದು ನೋಡಲು ಬಂದಿದ್ದರು. ಅವರ ಮುಂದೆ ಪುಟ್ಟಿಗೆ ಸುಳ್ಳು ಬಾಯಿಗೆ ಬರಲಿಲ್ಲ. ಅಳುಮೋರೆ ಮಾಡಿಕೊಂಡು ಎಲ್ಲವನ್ನೂ ಒದರಿದಳು.

ಮೇಡಂ ಅಂಗಡಿಯ ತುಂಬ ನಿಂತಿದ್ದವರನ್ನು ನೋಡಿದರು. "ಒಂದು ಫೋನ್ ಮಾಡಿದ್ದಕ್ಕೆ ಇಷ್ಟು ಜನ ಬಂದ್ರಾ? ನಾನು ಕೂಗಿ ಕರೆದ್ರೂ ಕ್ಲಾಸಿಗೆ ಇಷ್ಟು ಜನ ಬರಲ್ಲ!" ಎಂದು ನಕ್ಕರು. "ನಡೆದದ್ದನ್ನ ನಡೆದ ಹಾಗೇ ಬರಿ. ಪಾಠದ ಹಾಗೆ ಆಗ್ಲಿಲ್ಲ ಅಂತ ಹೆಸರೇನೂ ಹೊಡೆದುಹಾಕಲ್ಲ. ಆದ್ರೆ ಯಾಕೆ ಬಂದ್ರು ಅಂತಾನೂ ಕೇಳಿ ಬರೀಬೇಕು. ನಾನು ಕೂತಿರ್ತೀನಿ."

ಪುಟ್ಟಿ ಮತ್ತೆ ಶುರು ಮಾಡಿದಳು. ಬಂದವರಲ್ಲಿದ್ದ ಲಾರಿ ಡ್ರೈವರ್ ಒಬ್ಬ ತಲೆ ಕೆರೆದುಕೊಂಡ. "ಕರೆದ, ಬಂದೆ. ಅದರಲ್ಲಿ ಬರೆಯೋದೇನಿದೆ?"

ನರ್ಸಮ್ಮ ಹೊಸ ಚೀಲ ತೋರಿಸಿದರು. "ಸುಮ್ನೆ ಹೇಗೆ ಬರೋದು ಅಂತ ನಾನೇ ಜಿಪ್ ಕಿತ್ಕೊಂಡು ಬಂದೆ. ನಿನ್ನಮ್ಮ ನಮ್ಮ ವಾರ್ಡಲ್ಲಿದ್ದಾಗ ನಿನ್ನ ಮಾವ ಹಗಲೆಲ್ಲ ಅಲ್ಲೇ ಇರ್ತಿದ್ದ. ಕೈ ಸುಮ್ನಿರ್ಬೇಕಲ್ಲ, ನಮ್ಮೆಲ್ಲರ ಚೀಲ, ಚಪ್ಪಲಿ ಹೊಲಿದು ಕೊಟ್ಟ. ನಮ್ಮ ಹುಡುಗಿ ಪರೀಕ್ಷೆ ಅಂದ ಮೇಲೆ ಬರದೇ ಇರ್ತೀನಾ?"

ಸ್ವಲ್ಪ ಹೊತ್ತಿನ ಹಿಂದೆ ಮಾವನ ಮೇಲೆ ರೇಗಿದ್ದು ನೆನೆದು ಪುಟ್ಟಿಗೆ ನಾಚಿಕೆಯಾಯಿತು. ಎಷ್ಟು ಜನ, ಎಲ್ಲೆಲ್ಲಿಂದ, ತನಗೋಸ್ಕರ! ಎಲ್ಲರಿಗೂ ಕೈಮುಗಿಯಬೇಕೆನ್ನಿಸಿತು. ಪೆನ್ಸಿಲ್ ಹಿಡಿದು ಮಾವನ ಕಡೆ ತಿರುಗಿದಳು.

"ನೀನು ಎಲ್ಲಿಂದ ಬಂದೆ ಮಾವ?"

"ನಾನೇನು ಗಿರಾಕೀನಾ?"

"ಹೇಳು."

ಮಾವ ನಕ್ಷೆಯ ಮೇಲೆ ಬೆರಳಿಟ್ಟ. ಬೆರಳು ಅಂಗಡಿ ಬಿಟ್ಟು, ರೈಲ್ವೆ ಗೇಟು ದಾಟಿ, ಹಾಳೆಯ ಅಂಚೂ ದಾಟಿ ಪುಟ್ಟಿಯ ಮೊಣಕಾಲ ಮೇಲೆ ನಿಂತಿತು. "ಇದರಲ್ಲಿ ಸಿಗಲ್ಲ ಬಿಡು. ಇನ್ನೂ ಆಚೆ."

"ಯಾಕೆ ಬಂದೆ?"

"ನಿನ್ನಮ್ಮ ಆಸ್ಪತ್ರೆಯಿಂದ ಫೋನ್ ಮಾಡಿದ್ಲು. ನೀನು ಇಷ್ಟುದ್ದ ಇದ್ದೆ. ಅಲ್ಲಿನ ಅಂಗಡಿ ಬಾಗಿಲು ಹಾಕಿ ಬಂದೆ. ವಾಪಸ್ ಹೋಗೋಣ ಅಂತ್ಲೇ ಬಂದಿದ್ದು." ಅವನು ಸೂಜಿಗೆ ದಾರ ಪೋಣಿಸಲು ನೋಡಿದ. "ಆಮೇಲೆ ನಿಂಗೆ ಸ್ಕೂಲು ಶುರುವಾಯ್ತಲ್ಲ."

ಪುಟ್ಟಿ ಬ್ಯಾಗಿನಿಂದ ಇನ್ನೊಂದು ಬಿಳಿ ಹಾಳೆ ತೆಗೆದು ನಕ್ಷೆಯ ಪಕ್ಕದಲ್ಲಿಟ್ಟು, "ಅಂಟು ಕೊಡು," ಎಂದಳು. ಮಾವ ಚೀಲಕ್ಕೆ ಹಚ್ಚುವ ಅಂಟನ್ನೇ ಅಂಚಿಗೆ ಹಚ್ಚಿ, ಎರಡೂ ಹಾಳೆ ಸೇರಿಸಿ, ಅಂಗೈಯಿಂದ ಅದುಮಿ ಹಿಡಿದ.

"ಒಣಗೋವರೆಗೂ ಕೈ ತೆಗೀಬಾರದು," ಎಂದ. ಪುಟ್ಟಿ ತನ್ನ ಅಂಗೈಯನ್ನೂ ಅವನ ಕೈಯ ಪಕ್ಕ ಊರಿದಳು.