ಹೊನ್ನೂರಪ್ಪನ ಕಲ್ಲು

ಹಳ್ಳಿಯ ಮ್ಯೂಜಿಯಂನಲ್ಲಿ ವೀರಗಲ್ಲುಗಳು ತಗಡಿನ ನೆರಳಿಗೆ ಸಾಲಾಗಿ ನಿಂತಿದ್ದವು. ಮೈಮೇಲೆ ಒಂದು ಚೂರು ಧೂಳಿಲ್ಲ. ನೋಡಿ ಜಂಬಕ್ಕನಿಗೆ ಹೊಟ್ಟೆಕಿಚ್ಚಾಯಿತು. ಗಣಿಧೂಳಿಗೆ ದಮ್ಮು ಹತ್ತಿ, ಊರು ಬಿಟ್ಟು, ಸೊಸೆಯೊಂದಿಗೆ ಎಮ್ಮಿಗನೂರು ಸೇರಿದವಳು ಅವಳು. ಕಾರ್ಗಿಲ್‌ನಲ್ಲಿ ಸತ್ತ ಮಗನ ಕಲ್ಲು ಮಾತ್ರ ಇಲ್ಲೇ, ಊರ ಕ್ರಾಸಿನಲ್ಲಿ, ಅದಿರು ಲಾರಿಗಳ ದಾರಿಯಲ್ಲಿ ಉಳಿದಿತ್ತು. ಅದನ್ನು ನೋಡಲೆಂದೇ ಅತ್ತೆ ಸೊಸೆ ಇವತ್ತು ಬಸ್ಸಿಗೆ ಬಂದಿದ್ದರು.

"ನನ್ ಮಗನ ಕಲ್ಲೂ ಇಲ್ಲೇ ತಂದು ನಿಲ್ಲಸ್ರೀ" ಎಂದಳು ಮ್ಯೂಜಿಯಂ ನೋಡಿಕೊಳ್ಳುವ ಕೊಟ್ರಯ್ಯನಿಗೆ.

"ಇಲ್ಲಿ ಹಳೇವು ಅಷ್ಟ ಯವ್ವಾ. ನಾಕ್ನೂರು ವರ್ಷ ಆಗಿರ್ಬೇಕು."

"ಕುಂದ್ರಿ ಅತ್ತಿ, ಕಾಯೋಣಂತ" ಎಂದಳು ಸೊಸೆ ಸುವರ್ಣಮ್ಮ, ನಗದೆ.

ಜಂಬಕ್ಕ ಕತ್ತಿ ಹಿಡಿದವನೊಬ್ಬನನ್ನು ತೋರಿಸಿದಳು. "ಇವ್ನ ಹೆಸರೇನ್ರೀ?"

"ಯಾರಿಗ್ ಗೊತ್ತವ್ವಾ. ದನ ಬಿಡಿಸಾಕ ಹೋಗಿ ಸತ್ತಾನ, ಅಷ್ಟ."

ನೆರಳಲ್ಲಿ ನಿಂತವನ ಹೆಸರೇ ಹೋಗಿದೆ. ಬಿಸಿಲಲ್ಲಿ ನಿಂತವನದು ಎಷ್ಟು ದಿನ?

ಕಾಲೆಳೆದುಕೊಂಡು ಕ್ರಾಸಿಗೆ ಬಂದರೆ, ಮಗನ ಕಲ್ಲು ಸಿಂಧೂರ ಬಳಿದಂತೆ ಕೆಂಪಾಗಿ ನಿಂತಿದೆ. ಕೆತ್ತಿದ ಆಕೃತಿ, ಹೆಸರಿನ ಅಕ್ಷರ ಎಲ್ಲ ಅದಿರಿನ ಧೂಳಿನಲ್ಲಿ ಮುಚ್ಚಿವೆ. ಲಾರಿ ಡ್ರೈವರೊಬ್ಬ ಚಪ್ಪಲಿ ಬಿಟ್ಟು ಅದರೆದುರು ತೆಂಗಿನಕಾಯಿ ಎತ್ತಿದ್ದ.

"ತಡಿಯಪ್ಪಾ, ಇದೇನಂತ ಮಾಡೀದಿ?"

"ಹನುಮಪ್ಪ ಅಲ್ಲೇನವ್ವಾ? ಹೆಗಲ ಮ್ಯಾಲ ಗದಾ ಐತಲ್ಲ."

"ಅದು ಬಂದೂಕಪ್ಪಾ. ಇವ ಹೊನ್ನೂರಪ್ಪ."

"ಅದ್ಯಾವ ದ್ಯಾವ್ರು?"

ದೇವರು ಹೌದೆಂದುಬಿಟ್ಟರೆ ದಿನಾ ದೀಪ, ದಿನಾ ಕಾಯಿ. ಜಂಬಕ್ಕನ ನಾಲಗೆಯ ತುದಿಗೆ ಆ ಮಾತು ಬಂದೂ ಬಂತು. ಆದರೆ ಅವಳಿಗೆ ಬೇಕಾಗಿದ್ದುದು ದೇವರಲ್ಲ.

"ದ್ಯಾವ್ರಲ್ಲ. ನನ್ ಮಗ. ದಂಡಿನ್ಯಾಗ ಸತ್ತ."

ಸೆರಗು ಒದ್ದೆ ಮಾಡಿಕೊಂಡು ಉಜ್ಜಿದಳು. 'ಹೊ' ಕಂಡಿತು, 'ನ್ನೂ' ಕಂಡಿತು, ಅಷ್ಟರಲ್ಲೇ ಉಸಿರು ಕಟ್ಟಿ ಕೂತಳು. ಉಳಿದದ್ದನ್ನು ಸುವರ್ಣಮ್ಮ ಉಜ್ಜಿದಳು.

ಡ್ರೈವರು ಕಾಯಿ ಕೆಳಗಿಳಿಸಿದ. ಸತ್ತವರಿಗೆ ಅವರು ಇಷ್ಟಪಟ್ಟಿದ್ದನ್ನು ಎಡೆ ಇಡಬೇಕೆಂದು ಅವನಿಗೂ ಗೊತ್ತಿತ್ತು. "ಏನು ಭಾಳ ಸೇರ್ತಿತ್ತವ್ವಾ ಇವಂಗ?"

"ಬೀಡಿ. ನನ್ನ ಕದ್ದು ಸೇದ್ತಿದ್ದ, ಮಂಗ್ಯಾನಂಥವ."

ಅವನು ಕಿವಿಯ ಮೇಲಿದ್ದ ಬೀಡಿ ತೆಗೆದು, ಹಚ್ಚಿ, ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟ. "ತಗೋಪಾ ಹೊನ್ನೂರಪ್ಪಾ" ಎಂದು ಲಾರಿ ಹತ್ತಿದ. ಮಗನ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ.

"ಬಸ್ ಹೋಗ್ತೈತ್ರೀ ಅತ್ತಿ" ಎಂದಳು ಸುವರ್ಣಮ್ಮ.

"ಹೋಗ್ಲಿ ತಗಿ. ಅವಾ ಸೇದಿ ಮುಗಸ್ಲಿ."